ಅಗ್ನಿಯೂ ತಕ್ಕಡಿಯೂ: ಹಟ್ಟಿ, ಮಸ್ಕಿ, ಸಿಂಧನೂರುಗಳ ನಿದರ್ಶನಗಳಿಂದ ದ್ರವ್ಯದ ತೂಕದ ವಿಚಾರ

ರಸಾಯನಕ್ರಿಯೆಯಲ್ಲಿ ಪದಾರ್ಥಗಳು ಎಂತಹ ರೂಪಾಂತರವನ್ನು ಹೊಂದಿದರೂ, ಕ್ರಿಯೆಗೆ ಮೊದಲಿದ್ದ ದ್ರವ್ಯಗಳ ಒಟ್ಟು ತೂಕವೂ ಕ್ರಿಯೆಯ ತರುವಾಯ ಉಳಿದ ದ್ರವ್ಯಗಳ ಒಟ್ಟು ತೂಕವೂ ಸಮವಾಗಿಯೇ ಇರುವುವೆಂಬುದು ಆಧುನಿಕ ರಸಾಯನಶಾಸ್ತ್ರದ ಮೂಲನಿಯಮವು. ಇದಕ್ಕೆ ದ್ರವ್ಯರಾಶಿಯ ಸಂರಕ್ಷಣಾ ನಿಯಮವೆಂದು ಹೆಸರು. ಈ ನಿಯಮದ ಪ್ರಸ್ತಾಪ ಬಂದಾಗಲೆಲ್ಲ, ಇದು ಸಾಂಖ್ಯರ ಸತ್ಕಾರ್ಯವಾದವೇ ಹೊರತು ಬೇರೆಯಲ್ಲವೆಂದೂ, ಇಲ್ಲದುದು ಹುಟ್ಟದು ಇರುವುದು ಅಳಿಯದು ಎಂದು ಪ್ರಾಚೀನರು ಹೇಳಿದುದನ್ನೇ ಪಾಶ್ಚಾತ್ಯರು ತಡವಾಗಿ ಕಂಡುಕೊಂಡರೆಂದೂ ಹೇಳಿ ಮುಗಿಸಿಬಿಡುವ ವಾಡಿಕೆಯು ಪಂಡಿತರಲ್ಲಿಯೂ ಉಪಾಧ್ಯಾಯರಲ್ಲಿಯೂ ಬಹಳವಾಗಿ ಹಬ್ಬಿದೆ. ಈ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಶಾಸ್ತ್ರವನ್ನು ಗೌರವಿಸತಕ್ಕವರು ಅದು ಹೇಳಿದುದೆಷ್ಟು, ಹೇಳದೆ ಬಿಟ್ಟುದೆಷ್ಟು ಎಂಬುದನ್ನು ವಿಂಗಡಿಸಿ ನೋಡಬೇಕಾದುದು ನ್ಯಾಯ. ದ್ರವ್ಯರಾಶಿಯೆಂಬುದೂ ತೂಕವೆಂಬುದೂ ವಸ್ತುತಃ ಬೇರೆ ಬೇರೆಯಾದರೂ, ಒಂದೇ ಸ್ಥಳದಲ್ಲಿ ಒಂದೇ ತಕ್ಕಡಿಯಿಂದ ತೂಗುವಾಗ ಒಂದರಿಂದ ಇನ್ನೊಂದನ್ನು ತಿಳಿಯಬಹುದಾದುದರಿಂದ ಇಲ್ಲಿ ತೂಕವೆಂಬ ಬಳಕೆಯ ಮಾತನ್ನೇ ಉಪಯೋಗಿಸಿದೆ.

ಈ ವಿಚಾರಕ್ಕೆ ತಕ್ಕ ನಿದರ್ಶನಗಳನ್ನು ದೂರದೇಶದಿಂದ ತರಬೇಕಾಗಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವೆ, ಶಾಸನಗಳಲ್ಲಿ ಎಡೆದೊರೆನಾಡೆಂದು ಪ್ರಸಿದ್ಧವಾದ ರಾಯಚೂರು ಸೀಮೆಯಲ್ಲಿ, ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಒಂದೇ ಹೆದ್ದಾರಿಯ ಆಸುಪಾಸಿನಲ್ಲಿ ಅವು ಮೂರೂ ಸಿಕ್ಕುವುವು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಅಗ್ನಿಯು ಕುಂದಿಸಲಾರದ ಚಿನ್ನವಿದೆ. ಮಸ್ಕಿಯ ಮಣ್ಣಿನಲ್ಲಿ ಕಾಲವೆಂಬ ಮೆಲ್ಲನೆಯ ಅಗ್ನಿಯು ತಿಂದ ಕಬ್ಬಿಣವಿದೆ. ಸಿಂಧನೂರಿನ ಅಕ್ಕಿಯ ಗಿರಣಿಗಳಲ್ಲಿ ಅಗ್ನಿಯು ಐದರಲ್ಲಿ ನಾಲ್ಕು ಪಾಲನ್ನು ನುಂಗಿಬಿಡುವ ಭತ್ತದ ಹೊಟ್ಟು ಇದೆ. ಕುಂದದಿರುವುದು, ಕುಂದಿದಂತೆ ತೋರಿ ಹೆಚ್ಚುವುದು, ಇಲ್ಲವಾದಂತೆ ತೋರುವುದು ಎಂಬ ಈ ಮೂರು ಬಗೆಗಳನ್ನೂ ಒಂದೇ ನಿಯಮಕ್ಕೆ ಒಳಪಡಿಸುವುದೇ ಸಂರಕ್ಷಣಾ ನಿಯಮದ ಹಿರಿಮೆ.

ಮೊದಲು ಸತ್ಕಾರ್ಯವಾದವನ್ನೇ ನೋಡಬೇಕು. ಈಶ್ವರಕೃಷ್ಣನು ಸಾಂಖ್ಯಕಾರಿಕೆಯ ಒಂಬತ್ತನೆಯ ಕಾರಿಕೆಯಲ್ಲಿ, ಕಾರ್ಯವು ಕಾರಣದಲ್ಲಿ ಮೊದಲೇ ಇದೆಯೆಂಬುದಕ್ಕೆ ಐದು ಹೇತುಗಳನ್ನು ಕೊಟ್ಟಿರುವನು. ಎಳ್ಳಿನಿಂದ ಎಣ್ಣೆ ಬರುವುದೇ ಹೊರತು ಮರಳಿನಿಂದ ಬಾರದೆಂಬುದು ಅವುಗಳ ಹೃದಯ. ಈ ಐದು ಹೇತುಗಳಲ್ಲಿ ತೂಕದ ಮಾತು ಎಲ್ಲಿಯೂ ಇಲ್ಲ. ಆದರೆ ವಾಚಸ್ಪತಿಮಿಶ್ರನು ಅದೇ ಕಾರಿಕೆಗೆ ತನ್ನ ತತ್ತ್ವಕೌಮುದಿಯಲ್ಲಿ ವ್ಯಾಖ್ಯಾನ ಬರೆಯುತ್ತ ತಕ್ಕಡಿಯನ್ನು ಒಳತಂದಿದ್ದಾನೆ. ವಸ್ತ್ರವು ನೂಲಿಗಿಂತ ಬೇರೆಯಾದ ವಸ್ತುವೇ ಆಗಿದ್ದರೆ ತಕ್ಕಡಿಯಲ್ಲಿ ಅದರ ಭಾರವು ಬೇರೆಯಾಗಿ ತೋರಬೇಕಾಗಿತ್ತು. ಒಂದು ಪಲದ ಸ್ವಸ್ತಿಕವೆಂಬ ಆಭರಣಕ್ಕಿಂತ ಎರಡು ಪಲದ ಸ್ವಸ್ತಿಕವನ್ನು ಇಟ್ಟಾಗ ತಟ್ಟೆಯು ಹೆಚ್ಚಾಗಿ ಬಾಗುವುದು. ನೂಲನ್ನು ತೂಗಿದಾಗಲೂ ಅದರಿಂದಾದ ವಸ್ತ್ರವನ್ನು ತೂಗಿದಾಗಲೂ ಅಂತಹ ಭೇದವು ಕಾಣದಾದುದರಿಂದ ನೂಲೇ ವಸ್ತ್ರ, ಎಂಬುದು ಅವನ ಯುಕ್ತಿಯ ಸಾರ. ಸತ್ಕಾರ್ಯವಾದದ ಪಕ್ಷವಾಗಿ ಹೆಮ್ಮೆಪಡಬೇಕಾದವರು ಕಾರಿಕೆಗಿಂತ ಈ ವಾಕ್ಯವನ್ನು ಮುಂದಿಡುವುದು ಯುಕ್ತ. ಆದರೆ ಅದನ್ನು ಎತ್ತಿ ಹೇಳುವವರು ಕಡಮೆ.

ಈ ಯುಕ್ತಿಯು ಅವಯವಿವಾದಿಗಳಾದ ನ್ಯಾಯವೈಶೇಷಿಕರ ಮೇಲೆ ಎತ್ತಿದ ಬಾಣ. ಬೌದ್ಧರೂ ಇದನ್ನು ಪ್ರಯೋಗಿಸಿದ್ದರು. ಅವಯವಗಳಿಗಿಂತ ಬೇರೆಯಾದ ಅವಯವಿಯೆಂಬ ಹೊಸ ದ್ರವ್ಯವು ಹುಟ್ಟುವುದಾದರೆ, ನೂಲಿನ ತೂಕ ಒಂದು, ಬಟ್ಟೆಯ ತೂಕ ಮತ್ತೊಂದು, ಹೀಗೆ ಭಾರವು ಇಮ್ಮಡಿಯಾಗಬೇಡವೇ ಎಂಬುದು ಆಕ್ಷೇಪ. ಉದ್ಯೋತಕರನು ನ್ಯಾಯವಾರ್ತಿಕದಲ್ಲಿ ಇದನ್ನು ಎದುರಿಸಿದ್ದಾನೆ. ಧರ್ಮಕೀರ್ತಿಯು ಪ್ರಮಾಣವಾರ್ತಿಕದಲ್ಲಿ ಇದನ್ನು ಮತ್ತೆ ಹಿಡಿದಿದ್ದಾನೆ. ಅವಯವಿಯ ಭಾರವು ಇದ್ದೇ ಇದೆ, ಅತ್ಯಲ್ಪವಾದುದರಿಂದ ತಕ್ಕಡಿಗೆ ಸಿಕ್ಕದು ಎಂದು ಅವಯವಿವಾದಿಗಳ ಕಡೆಯಿಂದ ಬಂದ ಸಮಾಧಾನವು ಎಷ್ಟು ದುರ್ಬಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಈ ವಾದವೆಲ್ಲ ನೂಲು ಬಟ್ಟೆಯಾಗುವ, ಚಿನ್ನ ಒಡವೆಯಾಗುವ ಮಾತು. ಅಲ್ಲಿ ಜೋಡಣೆ ಬದಲಾಗುವುದೇ ಹೊರತು ದ್ರವ್ಯದ ಸ್ವಭಾವ ಬದಲಾಗುವುದಿಲ್ಲ. ಅದೇ ಬಟ್ಟೆಗೆ ಬೆಂಕಿ ಹತ್ತಿಸಿ, ಉಳಿದ ಬೂದಿಯನ್ನು ತಟ್ಟೆಗೆ ಹಾಕಿ ಎಂದು ಪ್ರತಿವಾದಿಯು ಕೇಳಿದ್ದರೆ ವಾಚಸ್ಪತಿಯ ಯುಕ್ತಿಯು ಏನಾಗುತ್ತಿತ್ತು? ರಸಾಯನಕ್ರಿಯೆಯು ಆರಂಭವಾಗುವುದು ಅಲ್ಲಿಂದ.

ಅಗ್ನಿಸಂಯೋಗದ ವಿಚಾರವನ್ನು ನಿಜವಾಗಿ ಕೈಗೆತ್ತಿಕೊಂಡವರು ಸಾಂಖ್ಯರಲ್ಲ, ಅವರ ಪ್ರತಿಪಕ್ಷದವರಾದ ವೈಶೇಷಿಕರು. ಹಸಿಯ ಮಡಕೆಯು ಆವಿಗೆಯಲ್ಲಿ ಬೆಂದು ಕೆಂಪಾಗುವಾಗ ಮಡಕೆಯು ಪರಮಾಣುಗಳವರೆಗೆ ಒಡೆದು ಮತ್ತೆ ಕೂಡುವುದೋ, ಅಥವಾ ಮಡಕೆಯಾಗಿಯೇ ಇದ್ದು ಬೇಯುವುದೋ ಎಂಬ ಪೀಲುಪಾಕ-ಪಿಠರಪಾಕಗಳ ವಿವಾದವು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ತಿಳಿದುದೇ. ಅಲ್ಲಿ ಹೆಚ್ಚು ಗಮನಿಸದೆ ಹೋಗುವ ಒಂದು ಅಂಶವಿದೆ. ಪಾಕದಿಂದ ಬದಲಾಗುವ ಗುಣಗಳೆಂದು ಅವರು ಎಣಿಸಿದುದು ರೂಪ, ರಸ, ಗಂಧ, ಸ್ಪರ್ಶ ಎಂಬ ನಾಲ್ಕನ್ನು ಮಾತ್ರ. ಗುರುತ್ವವು ಈ ಪಟ್ಟಿಯಲ್ಲಿ ಸೇರಿಲ್ಲ. ಪರಮಾಣುಗಳು ನಿತ್ಯ, ಅವುಗಳಲ್ಲಿರುವ ಗುರುತ್ವವೂ ನಿತ್ಯ, ಅಗ್ನಿಯು ಅದನ್ನು ಮುಟ್ಟುವುದಿಲ್ಲ. ಈ ಮೂರು ಮಾತುಗಳನ್ನು ಕೂಡಿಸಿದರೆ, ಎಷ್ಟು ಸುಟ್ಟರೂ ಪರಮಾಣುಗಳ ಒಟ್ಟು ಭಾರವು ಬದಲಾಗದೆಂಬ ಸಿದ್ಧಾಂತವು ತಾನಾಗಿಯೇ ಬರುವುದು. ಆದಕಾರಣ ಸಂರಕ್ಷಣಾ ನಿಯಮಕ್ಕೆ ಹತ್ತಿರವಾದ ದರ್ಶನವು ಸತ್ಕಾರ್ಯವಾದಿಗಳದ್ದಲ್ಲ, ಅಸತ್ಕಾರ್ಯವಾದಿಗಳಾದ ವೈಶೇಷಿಕರದ್ದು. ವಾಡಿಕೆಯ ಮಾತು ಇಲ್ಲಿ ತಲೆಕೆಳಗಾಗಿದೆ.

ಹೀಗಿದ್ದರೂ ಆ ಸಿದ್ಧಾಂತವು ಅವರಿಂದ ಹೊರಬೀಳಲಿಲ್ಲ. ಕಾರಣವೇನೆಂದರೆ, ಗುರುತ್ವವು ಪೃಥಿವಿಗೂ ಜಲಕ್ಕೂ ಮಾತ್ರ ಸಲ್ಲುವ ಗುಣವೆಂದು ಅವರು ನಿರ್ಣಯಿಸಿದರು. ತೇಜಸ್ಸಿಗೆ ಭಾರವಿಲ್ಲ, ವಾಯುವಿಗೂ ಭಾರವಿಲ್ಲ. ಬೆಂಕಿಯ ಕ್ರಿಯೆಯಲ್ಲಿ ವಾಯುವೇ ಮುಖ್ಯ ಪಾತ್ರಧಾರಿಯಾದುದರಿಂದ, ವಾಯುವಿಗೆ ಭಾರವಿಲ್ಲವೆಂದ ಮೇಲೆ ಲೆಕ್ಕದ ಅರ್ಧವು ಕೈಬಿಟ್ಟಂತೆಯೇ.

ಈ ನಿರ್ಣಯದ ಫಲವು ಚಿನ್ನದ ವಿಷಯದಲ್ಲಿ ವಿಚಿತ್ರವಾಗಿ ತೋರುವುದು. ತರ್ಕಸಂಗ್ರಹದಲ್ಲಿ ತೇಜಸ್ಸಿನ ನಾಲ್ಕು ವಿಧಗಳನ್ನು ಹೇಳುವಾಗ, ಅಗ್ನಿ ಮೊದಲಾದ ಭೌಮ, ಮಿಂಚು ಮೊದಲಾದ ದಿವ್ಯ, ಅನ್ನವನ್ನು ಪಚನಮಾಡುವ ಔದರ್ಯ, ಇವುಗಳ ಜೊತೆಗೆ ಆಕರಜವೆಂದು, ಎಂದರೆ ಗಣಿಯಲ್ಲಿ ಹುಟ್ಟಿದುದೆಂದು, ಚಿನ್ನವನ್ನು ಸೇರಿಸಿದೆ. ಚಿನ್ನವು ತೇಜಸ್ಸೆಂಬುದಕ್ಕೆ ಕೊಡುವ ಯುಕ್ತಿಯು ಸೊಗಸಾದುದು. ತುಪ್ಪವನ್ನು ಅತಿಯಾಗಿ ಕಾಯಿಸಿದರೆ ಅದರ ದ್ರವತ್ವವು ಅಳಿದು ಸುಟ್ಟುಹೋಗುವುದು. ಚಿನ್ನವನ್ನು ಎಷ್ಟೇ ಕಾಯಿಸಿದರೂ ಅದರ ದ್ರವತ್ವವು ಅಳಿಯುವುದಿಲ್ಲ. ಆದುದರಿಂದ ಅದು ಪಾರ್ಥಿವವಲ್ಲ. ಹಾಗಾದರೆ ಅದಕ್ಕೆ ಇಷ್ಟು ಭಾರವೇಕೆ, ಹಳದಿ ಬಣ್ಣವೇಕೆ ಎಂದರೆ, ಅದರೊಡನೆ ಕೂಡಿಕೊಂಡಿರುವ ಪಾರ್ಥಿವಾಂಶದಿಂದ ಎಂದು ಉತ್ತರ. ಲೋಹಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಒಂದಾದ ಚಿನ್ನವು, ನೀರಿಗಿಂತ ೧೯ ಪಟ್ಟು ಮಿಕ್ಕಿ ಭಾರವುಳ್ಳದ್ದು, ಭಾರವೇ ಇಲ್ಲದ ತೇಜಸ್ಸಿನ ವರ್ಗಕ್ಕೆ ಸೇರಿಹೋಯಿತು! ಆದರೆ ನಗುವುದಕ್ಕೆ ಮುನ್ನ ಯುಕ್ತಿಯ ಹಿಂದಿರುವ ಪ್ರತ್ಯಕ್ಷವನ್ನು ನೋಡಬೇಕು. ಚಿನ್ನವು ಸುಮಾರು ೧೦೬೪ ಅಂಶ ಉಷ್ಣತೆಯಲ್ಲಿ ಕರಗಿ, ಮೂಸೆಯಲ್ಲಿ ಎಷ್ಟು ಹೊತ್ತು ಇದ್ದರೂ ವಾಯುವಿನ ಆಮ್ಲಜನಕದೊಡನೆ ಕೂಡುವುದಿಲ್ಲ. ಆರಿದ ಮೇಲೆ ಇಟ್ಟಷ್ಟೇ ಇರುವುದು. ಪ್ರತ್ಯಕ್ಷವು ನಿರ್ದುಷ್ಟ; ವರ್ಗೀಕರಣವೇ ದುಷ್ಟ.

ಆಕರಜವೆಂಬ ಆ ಪದಕ್ಕೆ ಕನ್ನಡನಾಡಿನಲ್ಲಿ ಹಟ್ಟಿಗಿಂತ ಹಳೆಯ ಸಾಕ್ಷಿಯನ್ನು ಹುಡುಕುವುದು ಕಷ್ಟ. ಅಲ್ಲಿಯ ಪ್ರಾಚೀನ ಗಣಿಗಳು ಸುಮಾರು ೧೯೦ ಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿದ್ದುವು; ಅವುಗಳಲ್ಲಿ ಸಿಕ್ಕಿದ ಮರದ ತುಂಡುಗಳನ್ನು ಇಂಗಾಲದ ಕಾಲಮಾಪನದಿಂದ ಪರೀಕ್ಷಿಸಿದಾಗ ಸುಮಾರು ೨೦೦೦ ವರ್ಷಗಳ ಹಳಮೆಯು ತೋರಿತು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಬಿರಿಯಿಸಿ ಒಡೆಯುವುದು ಆ ಕಾಲದ ಪದ್ಧತಿ. ಈಗಿನ ಹಟ್ಟಿ ಚಿನ್ನದ ಗಣಿಯ ಕಂಪನಿಯು ೧೯೪೭ರಲ್ಲಿ ನಿಜಾಮನ ಆಳ್ವಿಕೆಯಲ್ಲಿ ಹೈದರಾಬಾದು ಚಿನ್ನದ ಗಣಿಗಳ ಕಂಪನಿಯೆಂಬ ಹೆಸರಿನಿಂದ ಸ್ಥಾಪಿತವಾದುದು. ಚಿನ್ನವನ್ನು ಹುಡುಕಹೋದವರಿಂದಲೇ ಇತಿಹಾಸಕ್ಕೂ ಲಾಭವಾಯಿತು. ನಿಜಾಮನ ಸಂಸ್ಥಾನದಲ್ಲಿ ಚಿನ್ನದ ಶೋಧನೆಯಲ್ಲಿದ್ದ ಬೀಡನ್ ಎಂಬ ಎಂಜಿನಿಯರನು ೧೯೧೫ರ ಜನವರಿಯಲ್ಲಿ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಶಾಸನವೊಂದನ್ನು ಕಂಡನು. ಹೆಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರೂ ಸೇರಿ ಕಂಡ ಮೊದಲ ಧರ್ಮಲಿಪಿ ಅದು. ಬ್ರಹ್ಮಗಿರಿಯ ಶಾಸನದಲ್ಲಿ ಹೇಳಿರುವ ಸುವರ್ಣಗಿರಿಯು ಈ ಸೀಮೆಯಲ್ಲಿಯೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಲು ಈ ಗಣಿಗಳೇ ಒಂದು ಕಾರಣ. ಮಸ್ಕಿಯೋ ಕನಕಗಿರಿಯೋ ಮತ್ತೊಂದೋ ಎಂಬ ವಿವಾದವು ಇಲ್ಲಿ ಅಪ್ರಕೃತ.

ದರ್ಶನಗಳು ಬಿಟ್ಟುಕೊಟ್ಟ ತಕ್ಕಡಿಯನ್ನು ಧರ್ಮಶಾಸ್ತ್ರವು ಎತ್ತಿಕೊಂಡಿತು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಲೋಹವನ್ನು ಶಿಲ್ಪಿಗೆ ಕೊಟ್ಟು ಪದಾರ್ಥ ಮಾಡಿಸಿದಾಗ ಬೆಂಕಿಯಲ್ಲಿ ಎಷ್ಟು ಕುಂದನ್ನು ಒಪ್ಪತಕ್ಕುದೆಂಬ ವಿಧಿಯಿದೆ. ಚಿನ್ನಕ್ಕೆ ಕುಂದೇ ಇಲ್ಲ. ಬೆಳ್ಳಿಗೆ ನೂರು ಪಲಕ್ಕೆ ೨ ಪಲ, ತವರಕ್ಕೂ ಸೀಸಕ್ಕೂ ೮, ತಾಮ್ರಕ್ಕೆ ೫, ಕಬ್ಬಿಣಕ್ಕೆ ೧೦. ಈ ವಚನದ ಮೇಲೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ಕನ್ನಡಿಗರಿಗೆ ಹೊರಗಿನದಲ್ಲ. ಕಲ್ಯಾಣದಲ್ಲಿ ಚಾಳುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದ ಕಾಲದಲ್ಲಿ ಹುಟ್ಟಿದ ಗ್ರಂಥವದು. ಕಂಚಿಗೆ ಮೂಲದಲ್ಲಿ ಪ್ರತ್ಯೇಕ ವಿಧಿಯಿಲ್ಲದುದರಿಂದ, ಅದು ತವರತಾಮ್ರಗಳಿಂದ ಆದುದಾಗಿ ಅವುಗಳ ಕುಂದನ್ನನುಸರಿಸಿ ಕಂಚಿನ ಕುಂದನ್ನು ಕಲ್ಪಿಸಿಕೊಳ್ಳಬೇಕೆಂದು ವಿಜ್ಞಾನೇಶ್ವರನು ಹೇಳುವನು. ಉದಾಹರಣೆಗೆ ನಾಲ್ಕು ಪಾಲು ತಾಮ್ರ ಒಂದು ಪಾಲು ತವರವಾದರೆ ನೂರಕ್ಕೆ ೫.೬ ಪಲವಾಗುವುದು. ಮಿಶ್ರದ್ರವ್ಯದಲ್ಲಿ ಪ್ರತಿಯೊಂದು ಲೋಹವೂ ತನ್ನ ಲೆಕ್ಕವನ್ನು ಕಾಪಾಡಿಕೊಂಡೇ ಇರುವುದೆಂಬ ತಿಳಿವಳಿಕೆಯಿಲ್ಲದೆ ಈ ಮಾತನ್ನು ಬರೆಯಲಾಗದು.

ಇದರ ಮುಂದಿನ ವಿಧಿಯು ನೇಯ್ಗೆಯದು. ನೂಲನ್ನು ಕೊಟ್ಟು ಬಟ್ಟೆಯನ್ನು ಪಡೆಯುವಾಗ ದಪ್ಪ ನೂಲಿಗೆ ನೂರಕ್ಕೆ ೧೦, ಮಧ್ಯಮಕ್ಕೆ ೫, ಸಣ್ಣದಕ್ಕೆ ೩ ಪಲದಷ್ಟು ತೂಕವು ಹೆಚ್ಚಿಬರಬೇಕು. ಮನುವೂ ನೇಕಾರನು ಹತ್ತು ಪಲಕ್ಕೆ ಹನ್ನೊಂದು ಪಲ ಕೊಡಬೇಕೆನ್ನುವನು. ವಾಚಸ್ಪತಿಯ ತಕ್ಕಡಿಯಲ್ಲಿ ನೂಲೂ ಬಟ್ಟೆಯೂ ಸಮ. ನೇಕಾರನ ತಕ್ಕಡಿಯಲ್ಲಿ ಬಟ್ಟೆ ಹೆಚ್ಚು. ವಿರೋಧವೇನೂ ಇಲ್ಲ. ಹೆಚ್ಚಿದುದು ನೂಲಿಗೆ ಹಾಕಿದ ಗಂಜಿ. ತೂಕ ಹೆಚ್ಚಿದರೆ ಏನೋ ಒಂದು ಹೊರಗಿನಿಂದ ಸೇರಿರಬೇಕು, ಕಡಮೆಯಾದರೆ ಏನೋ ಒಂದು ಹೊರಟುಹೋಗಿರಬೇಕು ಎಂಬುದು ವ್ಯವಹಾರದಲ್ಲಿ ಸಿದ್ಧವಾದ ನ್ಯಾಯವಾಗಿತ್ತು. ಒಪ್ಪಿದ ಮಿತಿಗಿಂತ ಹೆಚ್ಚು ಕುಂದಿದರೆ ಶಿಲ್ಪಿಯು ದಂಡಾರ್ಹ. ಅರ್ಥಶಾಸ್ತ್ರವಂತೂ ಅಕ್ಕಸಾಲಿಗನು ಕದಿಯುವ ಉಪಾಯಗಳನ್ನು ಐದು ಹೆಸರಿಟ್ಟು ಎಣಿಸಿದೆ. ಮೊದಲನೆಯದು ತಕ್ಕಡಿಯ ಮೋಸ. ದ್ರವ್ಯವು ಸುಮ್ಮನೆ ಇಲ್ಲವಾಗಬಲ್ಲುದೆಂದು ನಂಬಿದ ಸಮಾಜವು ಅಕ್ಕಸಾಲಿಗನನ್ನು ದಂಡಿಸಲಾರದು.

ಹಾಗಾದರೆ ಸೀಸದ ಆ ೮ ಪಲ, ಕಬ್ಬಿಣದ ಆ ೧೦ ಪಲ ಎಲ್ಲಿಗೆ ಹೋದುವು? ಇದು ಶಿಲ್ಪಿಗೆ ತಿಳಿಯದ ವಿಷಯವಲ್ಲ. ಕರಗಿದ ಸೀಸದ ಮೇಲೆ ಕೆನೆಯಂತೆ ಕಟ್ಟುವುದೂ, ಕಾದ ಕಬ್ಬಿಣವನ್ನು ಬಡಿದಾಗ ಅಡಿಗಲ್ಲಿನ ಸುತ್ತ ಹಪ್ಪಳದಂತೆ ಉದುರುವುದೂ ಅದೇ ಲೋಹವು. ಆ ಉದುರಿದುದನ್ನು ಕಿಟ್ಟವೆಂದು ಗುಡಿಸಿ ಹೊರಗೆ ಹಾಕುವರು. ವ್ಯವಹಾರದ ತಕ್ಕಡಿಯು ಬೇಕಾದ ಪದಾರ್ಥವನ್ನು ತೂಗಿತು. ಬೇಡವಾದ ಕಿಟ್ಟವನ್ನು ತೂಗಲಿಲ್ಲ. ತೂಗಿದ್ದರೆ ಅಚ್ಚರಿಯೊಂದು ಕಾದಿತ್ತು. ೮ ಪಲ ಸೀಸವು ಪೂರ್ತಿಯಾಗಿ ಹಳದಿಯ ಕಿಟ್ಟವಾದರೆ ಅದರ ತೂಕವು ಸುಮಾರು ೮.೬ ಪಲ. ೮ ಪಲ ತವರದ ಬಿಳಿಯ ಭಸ್ಮವು ೧೦ ಪಲಕ್ಕೂ ಮಿಕ್ಕುವುದು. ೫ ಪಲ ತಾಮ್ರದ ಕರಿಯ ಕಿಟ್ಟವು ೬¼ ಪಲ. ೧೦ ಪಲ ಕಬ್ಬಿಣದ ಹೆಪ್ಪು ಸುಮಾರು ೧೩.೮ ಪಲ. ಕಿಟ್ಟವನ್ನೂ ಲೋಹವನ್ನೂ ಕೂಡಿಸಿ ತಟ್ಟೆಗೆ ಹಾಕಿದರೆ ನೂರು ಪಲವು ೧೦೩.೮ ಆಗುತ್ತಿತ್ತು, ಕಳ್ಳನನ್ನು ಹಿಡಿಯಲು ಕುಳಿತ ಅಧಿಕಾರಿಗೆ ಕೊಟ್ಟುದಕ್ಕಿಂತ ಹೆಚ್ಚಾಗಿ ಹಿಂದಿರುಗಿಸಿದ ಶಿಲ್ಪಿಯು ಎದುರಾಗುತ್ತಿದ್ದನು. ಚಿನ್ನದ ವಿಷಯದಲ್ಲಿ ಸ್ಮೃತಿಯ ಮಾತು ಅಕ್ಷರಶಃ ಸತ್ಯ. ಬೆಳ್ಳಿಯು ಕಾಯಿಸಿದಾಗ ಕಿಟ್ಟವಾಗುವ ಲೋಹವಲ್ಲವಾದುದರಿಂದ ಅದರ ಎರಡು ಪಲವು ಮುಖ್ಯವಾಗಿ ಬೆರೆತಿದ್ದ ಸೀಸತಾಮ್ರಗಳದ್ದಾಗಿರಬೇಕು.

ರಸಶಾಸ್ತ್ರಜ್ಞರು ಇನ್ನೂ ಹತ್ತಿರಕ್ಕೆ ಬಂದಿದ್ದರು. ರಸಸಿಂದೂರವನ್ನು ಮಾಡುವಾಗ ಪಾದರಸ ಗಂಧಕಗಳನ್ನು ತೂಗಿ ಅರೆದು, ಗಾಜಿನ ಕೂಪಿಯಲ್ಲಿಟ್ಟು ಕಾಯಿಸಿ, ಗಂಧಕದ ಹೊಗೆಯು ಹೋಗುವವರೆಗೆ ಬಾಯನ್ನು ತೆರೆದಿಟ್ಟು, ಬಳಿಕ ಮುಚ್ಚುವರು. ೧೦೦ ಭಾಗ ಪಾದರಸಕ್ಕೆ ಸುಮಾರು ೧೬ ಭಾಗ ಗಂಧಕವು ಮಾತ್ರ ಕೂಡತಕ್ಕುದು. ಸಮಭಾಗ ಹಾಕಿದರೆ ಉಳಿದ ೮೪ ಭಾಗವೂ ಹೊಗೆಯಾಗಿ ಹೋಗಬೇಕಾದುದೇ. ಒಳಗೆ ಹಾಕುವುದರ ತೂಕವನ್ನು ಅವರು ಕಟ್ಟುನಿಟ್ಟಾಗಿ ಹೇಳಿದರು. ಹೊರಹೋದ ಹೊಗೆಯ ತೂಕವನ್ನು ಕೇಳಲಿಲ್ಲ.

ಮಸ್ಕಿಯ ಕಬ್ಬಿಣವು ಇದೇ ಪಾಠವನ್ನು ನಿಧಾನವಾಗಿ ಹೇಳುವುದು. ೧೯೫೪ರಲ್ಲಿ ಬಿ. ಕೆ. ಥಾಪರರು ಅಲ್ಲಿ ನಡೆಸಿದ ಉತ್ಖನನದಲ್ಲಿ ನೂತನ ಶಿಲಾಯುಗದ ನೆಲೆಯ ಮೇಲೆ ಬೃಹತ್ ಶಿಲಾಸಮಾಧಿಗಳ ಜನರ ನೆಲೆಯೂ ಅದರ ಮೇಲೆ ಚಾರಿತ್ರಿಕ ಯುಗದ ನೆಲೆಗಳೂ ಕಂಡುಬಂದುವು. ಶಿಲಾಸಮಾಧಿಗಳ ಜನರು ಕಬ್ಬಿಣವನ್ನು ಬಲ್ಲವರು. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಮಣ್ಣಿನಲ್ಲಿದ್ದ ಇಂತಹ ಕಬ್ಬಿಣದ ಕತ್ತಿಯೋ ಬಾಣದ ಮೊನೆಯೋ ಹೊರಬಂದಾಗ ತುಕ್ಕಿನಿಂದ ಊದಿಕೊಂಡು ತನ್ನ ಆಕಾರವನ್ನೇ ಮರೆತಿರುವುದು. ಜನರ ಮಾತಿನಲ್ಲಿ ತುಕ್ಕು ಕಬ್ಬಿಣವನ್ನು ತಿನ್ನುವುದು. ವಸ್ತುತಃ ಕಬ್ಬಿಣವೇ ವಾಯುವಿನಿಂದ ಆಮ್ಲಜನಕವನ್ನೂ ನೆಲದಿಂದ ನೀರನ್ನೂ ತಿಂದು ಬೆಳೆದಿದೆ. ೧೦೦ ತೊಲ ಕಬ್ಬಿಣವು ಪೂರ್ತಿಯಾಗಿ ಕಂದುತುಕ್ಕಾದರೆ ಸುಮಾರು ೧೫೯ ತೊಲ ತೂಗಬೇಕು. ಉದುರಿಹೋದ ಪುಡಿಯನ್ನು ಲೆಕ್ಕಕ್ಕೆ ತಾರದವನಿಗೆ ಮಾತ್ರ ಅದು ನಷ್ಟ.

ಕಿಟ್ಟವನ್ನು ತೂಗಿದ ಯೂರೋಪಿನವರಿಗೂ ಅರ್ಥವು ಬೇಗನೆ ಹೊಳೆಯಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುವುದು. ಫ್ರಾನ್ಸಿನ ವೈದ್ಯನಾದ ಜಾನ್ ರೇ ಎಂಬಾತನು ೧೬೩೦ರಲ್ಲಿ, ತವರ ಸೀಸಗಳ ಭಸ್ಮವು ಹೆಚ್ಚು ತೂಗುವುದು ವಾಯುವು ಸೇರುವುದರಿಂದಲೇ ಎಂದು ಬರೆದನು. ಅದನ್ನು ಹೆಚ್ಚು ಜನರು ಗಮನಿಸಲಿಲ್ಲ. ರಾಬರ್ಟ್ ಬಾಯ್ಲನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಯಿಸಿ, ತೂಗುವ ಮೊದಲು ಪಾತ್ರೆಯನ್ನು ತೆರೆದುಬಿಟ್ಟನು. ತೂಕ ಹೆಚ್ಚಿದುದನ್ನು ಕಂಡು, ಅಗ್ನಿಯ ಕಣಗಳು ಗಾಜನ್ನು ತೂರಿ ಲೋಹಕ್ಕೆ ಅಂಟಿಕೊಂಡುವೆಂದು ೧೬೭೩ರಲ್ಲಿ ಹೇಳಿದನು. ವೈಶೇಷಿಕರು ತೇಜಸ್ಸಿಗೆ ಭಾರವಿಲ್ಲವೆಂದು ತಪ್ಪಿದರೆ, ಬಾಯ್ಲನು ಅದಕ್ಕೆ ಇಲ್ಲದ ಭಾರವನ್ನು ಕೊಟ್ಟು ತಪ್ಪಿದನು. ರಷ್ಯದ ಲೊಮೊನೊಸೊವನು ೧೭೫೬ರಲ್ಲಿ ಪಾತ್ರೆಯನ್ನು ತೆರೆಯದೆ ತೂಗಿ, ತೂಕವು ಬದಲಾಗದುದನ್ನು ಕಂಡನು. ಲವಾಸಿಯೆಯು ೧೭೭೪ರಲ್ಲಿ ಅದೇ ಪ್ರಯೋಗವನ್ನು ಸಾಂಗವಾಗಿ ಮಾಡಿದನು. ಮುಚ್ಚಿದ ಪಾತ್ರೆಯ ತೂಕವು ಕಾಯಿಸುವ ಮೊದಲೂ ಆಮೇಲೂ ಒಂದೇ. ಬಾಯಿ ತೆರೆದೊಡನೆ ಸುಯ್ಯೆಂದು ವಾಯುವು ಒಳನುಗ್ಗಿತು. ಹಾಗೆ ನುಗ್ಗಿದ ವಾಯುವಿನ ತೂಕವೂ ತವರಕ್ಕೆ ಹೆಚ್ಚಿದ ತೂಕವೂ ಸರಿಹೋದುವು. ೧೭೮೯ರ ತನ್ನ ರಸಾಯನಶಾಸ್ತ್ರದ ಗ್ರಂಥದಲ್ಲಿ, ಪ್ರತಿಯೊಂದು ಕ್ರಿಯೆಯಲ್ಲಿಯೂ ಮೊದಲಿನ ದ್ರವ್ಯಕ್ಕೂ ಕೊನೆಯ ದ್ರವ್ಯಕ್ಕೂ ಸಮೀಕರಣವನ್ನು ಬರೆಯಬಹುದೆಂದು ಅವನು ಸ್ಥಾಪಿಸಿದನು. ಲವಾಸಿಯೆಯ ಹೊಸತನವು ದ್ರವ್ಯವು ಅಳಿಯದೆಂಬ ನಂಬಿಕೆಯಲ್ಲಿಲ್ಲ. ಆ ನಂಬಿಕೆಯು ಹಳೆಯದು. ಪಾತ್ರೆಯ ಬಾಯನ್ನು ಮುಚ್ಚಿ, ವಾಯುವನ್ನೂ ತಟ್ಟೆಗೆ ಹಾಕಿದುದರಲ್ಲಿದೆ.

ಸಿಂಧನೂರಿನ ಹೊಟ್ಟಿನ ಲೆಕ್ಕವನ್ನು ಈ ಬೆಳಕಿನಲ್ಲಿ ಮಾಡಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ಆ ತಾಲೂಕು ಭತ್ತದ ಕಣಜವಾಗಿದೆ. ೧೦೦ ಕಿಲೋಗ್ರಾಂ ಭತ್ತವನ್ನು ಗಿರಣಿಗೆ ಹಾಕಿದರೆ ಅಕ್ಕಿಯೂ ನುಚ್ಚೂ ಕೂಡಿ ಸುಮಾರು ೭೦, ತೌಡು ಸುಮಾರು ೮, ಹೊಟ್ಟ ಸುಮಾರು ೨೦; ಮಿಕ್ಕುದು ಧೂಳು. ಇದು ವಾಚಸ್ಪತಿಯ ನೂಲುಬಟ್ಟೆಯ ಜಾತಿಯ ಲೆಕ್ಕ; ಬಿಡಿಸಿದರೆ ಮುಗಿಯಿತು. ಆದರೆ ಆ ಹೊಟ್ಟನ್ನೇ ಕುಚ್ಚಲಕ್ಕಿಯ ಗಿರಣಿಯ ಕುಲುಮೆಗೆ ಹಾಕಿದಾಗ, ೧೦೦ ಕಿಲೋಗ್ರಾಂ ಹೊಟ್ಟಿಗೆ ಉಳಿಯುವುದು ೨೦ ಕಿಲೋಗ್ರಾಮಿನಷ್ಟು ಬೂದಿ. ಅದರಲ್ಲಿ ಬಹುಭಾಗವು ಮರಳಿನ ಸಜಾತಿಯಾದ ಸಿಲಿಕ. ಭತ್ತದ ಗಿಡವು ಬೇರಿನಿಂದ ಹೀರಿದ್ದು. ಮಿಕ್ಕ ೮೦ ಕಿಲೋಗ್ರಾಂ ಎಲ್ಲಿ? ಅದನ್ನು ಮುಖ್ಯವಾಗಿ ನಾರಿನ ದ್ರವ್ಯವಾದ ಸೆಲ್ಯುಲೋಸೆಂದು ಎಣಿಸಿದರೆ, ಅದು ಉರಿಯುವಾಗ ವಾಯುವಿನಿಂದ ಸುಮಾರು ೯೫ ಕಿಲೋಗ್ರಾಂ ಆಮ್ಲಜನಕವನ್ನು ತೆಗೆದುಕೊಳ್ಳುವುದು. ಕೂಡಿಸಿದರೆ ೧೭೫. ಹೊಗೆಗೊಳವಿಯಿಂದ ಹೊರಡುವ ಇಂಗಾಲಾಮ್ಲವು ಸುಮಾರು ೧೩೦, ನೀರಾವಿಯು ಸುಮಾರು ೪೫. ಕೂಡಿಸಿದರೆ ಮತ್ತೆ ೧೭೫. ಇಲ್ಲವಾಯಿತೆಂದು ತಿಳಿದ ೮೦ ಕಿಲೋಗ್ರಾಂ ತನ್ನ ಎರಡರಷ್ಟಕ್ಕೂ ಮಿಕ್ಕಿದ ತೂಕದೊಡನೆ ಆಕಾಶಕ್ಕೆ ಏರಿದೆ. ಮರುವರ್ಷದ ಭತ್ತದ ಪೈರು ಅದೇ ಇಂಗಾಲಾಮ್ಲವನ್ನು ಎಲೆಗಳಿಂದ ಒಳಗೆಳೆದುಕೊಂಡು ಹೊಟ್ಟನ್ನೂ ಅಕ್ಕಿಯನ್ನೂ ಕಟ್ಟುವುದು. ನೆಲದಿಂದ ಅದು ಪಡೆಯುವ ಘನದ್ರವ್ಯವು ಅತ್ಯಲ್ಪ. ವಾಯುವಿಗೆ ಭಾರವಿಲ್ಲವೆಂದರೆ ಸಿಂಧನೂರಿನ ಅಕ್ಕಿಯ ಮೂಟೆಗಳಿಗೆ ಭಾರವೆಲ್ಲಿಂದ ಬಂತೆಂದು ಹೇಳಲಾಗದು. ಒಂದು ಘನಮೀಟರು ವಾಯುವು ಒಂದು ಕಿಲೋಗ್ರಾಮಿಗೂ ಸ್ವಲ್ಪ ಮಿಕ್ಕಿ ತೂಗುವುದು.

ಇನ್ನು ಹಟ್ಟಿಗೆ ಹಿಂದಿರುಗಿದರೆ, ಅಗ್ನಿಗೆ ಜಗ್ಗದ ಚಿನ್ನವೂ ರಸಾಯನಕ್ರಿಯೆಗೆ ಒಳಗಾಗುವುದುಂಟು. ಅಲ್ಲಿಯ ಅದಿರಿನಲ್ಲಿ ಟನ್ನೊಂದಕ್ಕೆ ಕೆಲವೇ ಗ್ರಾಂ ಚಿನ್ನವಿರುವುದು. ಅದನ್ನು ಹಿಟ್ಟಾಗಿ ಅರೆದು, ೧೮೮೭ರಲ್ಲಿ ಮ್ಯಾಕಾರ್ಥರ್ ಮತ್ತು ಫಾರೆಸ್ಟರ ಹೆಸರಿನಲ್ಲಿ ಸನ್ನದಾದ ವಿಧಾನದಂತೆ, ಸಯನೈಡಿನ ನೀರಿನಲ್ಲಿ ಗಾಳಿಯೂದಿ ಕಲಕುವರು. ಚಿನ್ನವು ಕಣ್ಣಿಗೆ ಕಾಣದಂತೆ ನೀರಿನಲ್ಲಿ ಕರಗುವುದು. ತೂಕದ ಲೆಕ್ಕ ಹೀಗೆ: ೭೮೮ ಗ್ರಾಂ ಚಿನ್ನ, ೩೯೨ ಗ್ರಾಂ ಸೋಡಿಯಂ ಸಯನೈಡು, ೩೨ ಗ್ರಾಂ ಆಮ್ಲಜನಕ, ೩೬ ಗ್ರಾಂ ನೀರು, ಒಟ್ಟು ೧೨೪೮. ಇವುಗಳಿಂದ ಆಗುವುದು ೧೦೮೮ ಗ್ರಾಂ ಚಿನ್ನದ ಸಯನೈಡು ಲವಣ, ೧೬೦ ಗ್ರಾಂ ಕಾಸ್ಟಿಕ್ ಸೋಡ; ಒಟ್ಟು ಮತ್ತೆ ೧೨೪೮. ಆ ೩೨ ಗ್ರಾಂ ಆಮ್ಲಜನಕವು ಗಾಳಿಯಿಂದ ಬಾರದಿದ್ದರೆ ಕ್ರಿಯೆಯೇ ನಿಲ್ಲುವುದು. ಅದಿರಿನ ಬೇರೆ ಖನಿಜಗಳೂ ಸಯನೈಡನ್ನು ತಿನ್ನುವುದರಿಂದ ವ್ಯವಹಾರದಲ್ಲಿ ಹೆಚ್ಚಾಗಿಯೇ ಹಾಕಬೇಕಾಗುವುದು. ಬಳಿಕ ಸತುವಿನ ಪುಡಿಯಿಂದಲೋ ವಿಶೇಷವಾಗಿ ಸಿದ್ಧಪಡಿಸಿದ ಇದ್ದಲಿನಿಂದಲೋ ಚಿನ್ನವನ್ನು ಹಿಂದಕ್ಕೆ ಪಡೆಯುವರು.

ಲಾಂಡೋಲ್ಟ್ ಎಂಬ ಜರ್ಮನ್ ವಿದ್ವಾಂಸನು ೧೮೯೩ರಿಂದ ಹಲವು ವರ್ಷ ಈ ನಿಯಮವನ್ನು ಅತ್ಯಂತ ಸೂಕ್ಷ್ಮವಾದ ತಕ್ಕಡಿಗಳಿಂದ ಪರೀಕ್ಷಿಸಿ, ಯಾವ ಭೇದವನ್ನೂ ಕಾಣಲಿಲ್ಲ. ೧೯೦೫ರ ಐನ್‌ಸ್ಟೈನನ ಸಿದ್ಧಾಂತದಂತೆ ನೋಡಿದರೆ, ಒಂದು ಕಿಲೋಗ್ರಾಂ ಹೊಟ್ಟು ಉರಿದು ಶಾಖವನ್ನು ಬಿಟ್ಟಾಗ, ಒಂದು ಗ್ರಾಮನ್ನು ಕೋಟಿ ಪಾಲು ಮಾಡಿದರೆ ಅದರ ಒಂದೂವರೆ ಪಾಲಿನಷ್ಟು ದ್ರವ್ಯರಾಶಿಯು ಆ ಶಾಖದೊಡನೆ ಹೊರಟುಹೋಗುವುದು. ತೇಜಸ್ಸಿಗೆ ಭಾರವುಂಟೋ ಇಲ್ಲವೋ ಎಂಬ ಹಳೆಯ ಪ್ರಶ್ನೆಗೆ ಇದು ಎಣಿಸದ ಕಡೆಯಿಂದ ಬಂದ ಉತ್ತರ. ಗಿರಣಿಯ ತಕ್ಕಡಿಗೆ ಮಾತ್ರ ಅದು ಎಂದಿಗೂ ಸಿಕ್ಕತಕ್ಕುದಲ್ಲ. ಸಂರಕ್ಷಣಾ ನಿಯಮಕ್ಕೆ ರಸಾಯನಶಾಸ್ತ್ರದಲ್ಲಿ ಇದರಿಂದ ಬಾಧೆಯಿಲ್ಲ.

ಗಣಿಯ ಲೆಕ್ಕಪತ್ರವು ಇಂದಿಗೂ ಈ ನಿಯಮದ ಮೇಲೆಯೇ ನಿಂತಿದೆ. ಒಂದು ಟನ್ ಅದಿರಿನಲ್ಲಿ ೪ ಗ್ರಾಂ ಚಿನ್ನವಿದ್ದು, ಕೊನೆಗೆ ಹೊರಹಾಕುವ ಕೆಸರಿನಲ್ಲಿ ೦.೪ ಗ್ರಾಂ ಉಳಿದಿದೆಯೆಂದಿಟ್ಟುಕೊಂಡರೆ, ಗಟ್ಟಿಯಲ್ಲಿ ೩.೬ ಗ್ರಾಂ ಇರಲೇಬೇಕು. ೩.೩ ಗ್ರಾಂ ಮಾತ್ರ ಸಿಕ್ಕಿದರೆ, ಉಳಿದ ೦.೩ ಗ್ರಾಂ ಕೊಳವೆಗಳ ಒಳಮೈಗೆ ಹತ್ತಿದೆಯೋ, ಅರೆಯುವ ಯಂತ್ರದ ಸಂದಿಯಲ್ಲಿದೆಯೋ, ಪರೀಕ್ಷೆಯಲ್ಲಿ ತಪ್ಪಾಯಿತೋ, ಯಾರ ಜೇಬಿನಲ್ಲಿದೆಯೋ ಎಂದು ಯಾವ ಗಣಿಯ ಅಧಿಕಾರಿಯಾದರೂ ಹುಡುಕಿಸುವನು. ಸುಮ್ಮನೆ ಇಲ್ಲವಾಯಿತೆಂದು ಬರೆಯುವಂತಿಲ್ಲ. ಯಾಜ್ಞವಲ್ಕ್ಯನ ವಿಧಿಯೂ ಅದೇ. ಹೊರಹಾಕಿದ ಕೆಸರಿನ ದಿಬ್ಬಗಳಲ್ಲಿ ಆ ಅಲ್ಪಾಂಶವು ಹಾಗೆಯೇ ಕುಳಿತಿರುವುದು. ೨೦೦೧ರಲ್ಲಿ ಮುಚ್ಚಿಹೋದ ಕೋಲಾರದ ಗಣಿಗಳ ಬಳಿ ಕೋಟಿಗಟ್ಟಲೆ ಟನ್ ತೂಗುವ ಇಂತಹ ದಿಬ್ಬಗಳಿವೆ. ಅವುಗಳಿಂದ ಚಿನ್ನವನ್ನು ಮತ್ತೆ ತೆಗೆಯುವ ಮಾತು ಏಳುವುದು ಈ ಲೆಕ್ಕದ ಧೈರ್ಯದಿಂದಲೇ. ಕನ್ನಡದಲ್ಲಿ ಇದಕ್ಕೆ ಹಳೆಯ ವೃತ್ತಿಯೊಂದರ ಹೆಸರಿದೆ. ಹೊಳೆಯ ಮರಳನ್ನೂ ಅಕ್ಕಸಾಲಿಗರ ಅಂಗಡಿಯ ಕಸವನ್ನೂ ತೊಳೆದು ಚಿನ್ನದ ಕಣಗಳನ್ನು ತೆಗೆಯುವವನಿಗೆ ಜಲಗಾರನೆಂದು ಹೆಸರು. ಬೀದಿಯನ್ನು ಗುಡಿಸುವವನೆಂಬ ಅರ್ಥದಲ್ಲಿ ಈ ಪದವನ್ನು ಬಲ್ಲ ಸಾಹಿತ್ಯದ ಉಪಾಧ್ಯಾಯರು, ಅಂಗಡಿಯ ಕಸದಲ್ಲಿ ಚಿನ್ನವು ಉಳಿದೇ ಇರುವುದೆಂದು ತಿಳಿದವನ ಹೆಸರೂ ಅದೇ ಎಂಬುದನ್ನು ಪಾಠದಲ್ಲಿ ಸೇರಿಸಿಕೊಳ್ಳಬಹುದು.